ಟ್ಯಾಪೆಟ್ ಸದ್ದು

ನನ್ನ ಮಾವನವರಿಗೆ ಸದ್ದು ಅಂದರೆ ಆಗುತ್ತಿರಲಿಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಬೀದಿಯ ಮನೆಮನೆಯಲ್ಲೂ ಬೆಳಗಿನಿಂದ ಮಗ್ಗ ಬಡಿಯುತ್ತಿತ್ತು. ಅದು ನಿಂತರೆ ಅಂಗಡಿಯೂ ನಿಲ್ಲುತ್ತಿತ್ತಾದ್ದರಿಂದ, ಆ ಸಿಟ್ಟನ್ನೆಲ್ಲ ಅವರು ಮನೆಯೊಳಗೆ ತೀರಿಸಿಕೊಳ್ಳುತ್ತಿದ್ದರು. ನೇಕಾರರಿಗೆ ತೆಲುಗಿನಲ್ಲಿ ‘ಮೆಲ್ಲಗಾ’, ನಮಗೆ ಕನ್ನಡದಲ್ಲಿ ‘ಮೆಲ್ಲಗೆ’. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸಬೇಕಿತ್ತು. ಅನ್ನ ಅರೆಬೆಂದರೆ ಬೈಗುಳ ಮಾತ್ರ ನನಗೆ. ತೊಂಬತ್ತರ ದಶಕದ ನಡುವೆ ಚಳ್ಳಕೆರೆಯಿಂದ ಆ ಮನೆಗೆ ಸೊಸೆಯಾಗಿ ಹೋದಾಗ, ಮೂರನೇ ದಿನವೇ ಅತ್ತೆ ನನ್ನ ಕಾಲುಚೈನು ಬಿಚ್ಚಿಸಿ ಬೀರುವಿನಲ್ಲಿಟ್ಟರು.

ಮನೆಯಲ್ಲಿ ಕೆನೆಬಣ್ಣದ ಹಳೆಯ ಕಾರೊಂದಿತ್ತು. ಎಂಜಿನ್ ಟಿಕ್ ಟಿಕ್ ಅನ್ನುತ್ತದೆ ಎಂದು ಒಂದು ಭಾನುವಾರ ಮಾವ ತಾವೇ ಅದರ ಮೇಲಿನ ಮುಚ್ಚಳ ಬಿಚ್ಚಿ, ವಾಲ್ವ್ ಒತ್ತುವ ಟ್ಯಾಪೆಟ್‌ಗಳನ್ನು ಒಂದೊಂದಾಗಿ ಸ್ಪ್ಯಾನರ್ ಹಾಕಿ ಬಿಗಿ ಮಾಡಿದರು. ಶೆಡ್ಡಿನ ಕತ್ತಲಲ್ಲಿ ಟಾರ್ಚ್ ಹಿಡಿದವಳು ನಾನು. ಸದ್ದು ಅಡಗಿದಾಗ ಅವರ ಮುಖ ಅರಳಿತು. ಹೇಗಿದೆ ನೋಡು ಎಂದು ನನ್ನತ್ತ ತಿರುಗಿ ನಕ್ಕರು. ಮದುವೆಯಾದ ಮೇಲೆ ಅವರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಾರು ಸೊರಗಿತು. ಸುಲಭಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ, ಸ್ಟಾರ್ಟ್ ಆದರೂ ಏರು ಹತ್ತುತ್ತಿರಲಿಲ್ಲ. ಕೊನೆಗೆ ಶೆಡ್ಡಿನಲ್ಲೇ ನಿಂತಿತು. ಅದರ ಜೊತೆ ನಾನೂ ನಿಂತೆ. ಆ ಮನೆಯ ಸೊಸೆಯರು ಬಸ್ಸು ಹತ್ತುವಂತಿರಲಿಲ್ಲ. ತವರಿಗೆ ಹೋಗುವುದಿದ್ದರೆ ಕಾರಿನಲ್ಲೇ ಹೋಗಬೇಕು. ಚಳ್ಳಕೆರೆ ಬೋರ್ಡಿನ ಬಸ್ಸು ಅಡುಗೆಮನೆಯ ಕಿಟಕಿಯ ಎದುರೇ ಹಾದುಹೋಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಮ್ಮಲ್ಲಿ ಮಾಡಿದ್ದು ಮಾವ, ಉಂಡದ್ದು ನಾನು.

ಆಗಲೇ ಅವ್ವನ ಕಣ್ಣಿನ ಪೊರೆಯ ಆಪರೇಷನ್‌ಗೆ ದಿನ ಗೊತ್ತಾಯಿತು. ಅವಳ ಇನ್ನೊಂದು ಕಣ್ಣು ಮೊದಲೇ ಮಬ್ಬು. ಕಟ್ಟು ಬಿಚ್ಚಿದಾಗ ಮೊದಲು ನಿನ್ನ ಮುಖವನ್ನೇ ನೋಡಬೇಕು, ಬಂದುಬಿಡು ಎಂದು ಫೋನಿನಲ್ಲಿ ಹೇಳಿದ್ದಳು. ಕಾರು ರಿಪೇರಿಯಾಗಲಿ, ಕಳಿಸೋಣ ಅಂದರು ಮಾವ. ನನ್ನ ಗಂಡ ತಲೆಯಾಡಿಸಿದರು. ತಲೆಯಾಡಿಸಿದರೆ ಸದ್ದಾಗುವುದಿಲ್ಲವಲ್ಲ.

ಆಪರೇಷನ್ ಮುಗಿಯಿತು. ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚುತ್ತಾರೆ ಅನ್ನುವಾಗ, ಚಳ್ಳಕೆರೆಯಿಂದ ಅಪ್ಪ ಕಳಿಸಿದ ಸಾಬರೊಬ್ಬರು ಸಾಮಾನಿನ ಚೀಲ ಹೊತ್ತು ಬಸ್ಸಿನಲ್ಲಿ ಬಂದರು. ಅವರು ನಮ್ಮಪ್ಪನ ಅಂಗಡಿಯ ಹಿಂದಿನ ಗಲ್ಲಿಯ ಹಳೆಯ ಮೆಕ್ಯಾನಿಕ್. ಮೊಳಕಾಲ್ಮೂರಿನ ಮೆಕ್ಯಾನಿಕ್‌ಗಳೆಲ್ಲ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕು, ತಿಂಗಳು ಹಿಡಿಯುತ್ತದೆ ಅಂದಿದ್ದರು. ರಿಂಗ್ ಆಗಿರದಿರಲಿ ಎಂದು ನಾನು ಶಿವನಿಗೆ ಕೈ ಮುಗಿದೆ. ಎಂಜಿನ್ನಿಗಾಗಿ ಹರಕೆ ಹೊತ್ತ ಸೊಸೆ ಆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಚಾವಿ ತಿರುಗಿಸಲು ಒಬ್ಬರು ಬೇಕಿತ್ತು. ಸಾಬರ ಕೈ ಮೇಲೆ ಕಣ್ಣಿಡಬೇಕಿದ್ದ ಮಾವ ನನ್ನನ್ನು ಸೀಟಿನಲ್ಲಿ ಕೂರಿಸಿದರು. ಸಾಬರು ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಒಂದೊಂದೇ ತೂತಿಗೆ ಗಡಿಯಾರದಂಥ ಗೇಜು ಸಿಕ್ಕಿಸಿ, ‘ಹೊಡೀರಿ’ ಅಂದಾಗಲೆಲ್ಲ ನಾನು ಎಕ್ಸಿಲರೇಟರ್ ಪೂರ್ತಿ ಒತ್ತಿ ಚಾವಿ ತಿರುಗಿಸಿದೆ. ನಾಲ್ಕರಲ್ಲಿ ಮೂರಕ್ಕೆ ಮುಳ್ಳು ಅರ್ಧಕ್ಕೇ ನಿಂತಿತು. ಕಂಪ್ರೆಷನ್ ಇಲ್ಲ, ಒಳಗೆ ಗಾಳಿಯ ಒತ್ತಡ ನಿಲ್ಲುತ್ತಿಲ್ಲ ಅಂದರು. ಆಮೇಲೆ ತೂತಿನೊಳಗೆ ಒಂದು ಚಮಚ ಎಣ್ಣೆ ಹುಯ್ದು ಮತ್ತೆ ನೋಡಿದರು. ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಮುಳ್ಳು ಏರಬೇಕಂತೆ. ಏರಲಿಲ್ಲ. ರಿಂಗಲ್ಲ ಎಂದು ತಿಳಿದಾಗ ಸೀಟಿನಲ್ಲಿ ಕೂತೇ ನನಗೆ ಅಳು ಬಂತು.

ಮೇಲಿನ ಮುಚ್ಚಳ ಬಿಚ್ಚಿದರು. ಟ್ಯಾಪೆಟ್ ಸಂದಿನಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಲು ನೋಡಿದರೆ ಎಲ್ಲಿಯೂ ಹೋಗಲಿಲ್ಲ.

‘ಟ್ಯಾಪೆಟ್ ಒಂಚೂರು ಸದ್ದು ಮಾಡ್ಬೇಕ್ರಿ ಸಾಹುಕಾರ್ರೆ. ಸುಮ್ಕಾತು ಅಂದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಎಂಜಿನ್ ದಮ್ಮು ಹೋಗ್ತೈತೆ. ಯಾರು ಬಿಗಿ ಮಾಡಿದ್ದು?’

ಯಾರೋ ನಿಮ್ಮಂಥವರೇ ಇರಬೇಕು ಅಂದರು ಮಾವ. ಸಾಬರು ನನ್ನ ಮುಖ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ತಲೆ ತಗ್ಗಿಸಿದೆ. ಮಾಡದ ತಪ್ಪು ಹೊತ್ತು ಅವರು ಸಂದು ಸರಿ ಮಾಡಿ, ಪ್ಲಗ್ಗು ಹಾಕಿ, ಟೀ ಕೂಡ ಕುಡಿಯದೆ ಹೋದರು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತು. ಎಂಜಿನ್ ಟಿಕ್ ಟಿಕ್ ಅನ್ನುತ್ತಿರುವಾಗಲೇ ನಾನು ಬ್ಯಾಗು ತಂದೆ. ಅಷ್ಟರಲ್ಲಿ ಮಾವ ಮುಚ್ಚಳ ಮತ್ತೆ ತೆಗೆದಿದ್ದರು. ಈ ಸದ್ದಿನಲ್ಲಿ ಚಳ್ಳಕೆರೆವರೆಗೆ ಹೇಗೆ ಹೋಗುವುದು, ಸ್ವಲ್ಪ ಬಿಗಿ ಮಾಡುತ್ತೇನೆ, ಟಾರ್ಚ್ ಹಿಡಿ ಅಂದರು. ಹಿಡಿದೆ. ಒಂದು ಟಿಕ್ ನಿಂತಿತು. ಇನ್ನೊಂದು ನಿಂತಿತು. ಎಂಜಿನ್ ಎರಡು ಸಲ ನಡುಗಿ ಸುಮ್ಮನಾಯಿತು.

‘ಆವತ್ತೂ ನಾನೇ ಟಾರ್ಚ್ ಹಿಡಿದಿದ್ದೆ ಮಾವಾ. ಇನ್ನ ಹಿಡಿಯಲ್ಲ. ಬಸ್ಸಿಗೆ ಹೋಗ್ತೀನಿ.’

ನನ್ನ ದನಿ ಜೋರಾಗಿಯೇ ಇತ್ತು. ಮಾವ ಸ್ಪ್ಯಾನರ್ ಹಿಡಿದೇ ನಿಂತಿದ್ದರು. ನಾನು ಹಿಂದಿರುಗಿ ನೋಡಲಿಲ್ಲ. ಮುಂದೆ ಅದೇ ಮನೆಗೆ ಮರಳಿ ಅಲ್ಲೇ ಬಾಳಿದೆ, ಆ ಮಾತು ಬೇರೆ.

ದೀಪ ಹಚ್ಚುವ ಹೊತ್ತಿಗೆ ಚಳ್ಳಕೆರೆ ಮುಟ್ಟಿದೆ. ಅವ್ವ ಕಣ್ಣಿಗೆ ಕಟ್ಟು ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಹೋಗಿ ಪಕ್ಕದಲ್ಲೇ ನಿಂತರೂ ಮುಖ ತಿರುಗಿಸಲಿಲ್ಲ. ಕೈ ಹಿಡಿದಾಗ ಬೆಚ್ಚಿದಳು.

‘ಯಾರವ್ವಾ?’ ಅಂದಳು. ನಾನೇ ಅವ್ವಾ ಅಂದೆ. ಅವಳು ನನ್ನ ಕೈ ಬಿಟ್ಟು, ಬಗ್ಗಿ, ನನ್ನ ಕಾಲು ತಡವಿದಳು.

‘ಕಾಲ್ಚೈನ್ ಎಲ್ಲೇ? ಸದ್ದೇ ಇಲ್ಲ, ನೀನಂತ ನಂಗೆಂಗೆ ಗೊತ್ತಾಗ್ಬೇಕು?’