ಏಳು ಮನೆಗೆ ಒಂದೇ ಬೆಂಕಿಕಡ್ಡಿ

ಗೆಳತಿಯರೇ, ಇವತ್ತು ನ್ಯಾಮತಿಯ ನಮ್ಮ ಬೀದಿಯಲ್ಲಿ ಒಲೆಯೇ ಹೊತ್ತಲಿಲ್ಲ! ಯುದ್ಧ ಬಂದು ಬೆಂಕಿಪೊಟ್ಟಣ ತುಟ್ಟಿಯಾದ ಮೇಲೆ, ಯಾರು ಮೊದಲು ಒಲೆ ಹಚ್ಚುತ್ತಾರೋ ಅವರ ಮನೆಯಿಂದ ಉಳಿದವರು ಕೆಂಡ ತರುವುದು ರೂಢಿ. ಇವತ್ತು ಏಳು ಮನೆಯವರೂ ಬೇರೆಯವರ ಹೊಗೆ ಕಾಯುತ್ತ ಬಾಗಿಲಲ್ಲೇ ನಿಂತಿದ್ದೆವು.

"ಒಲೆ ಹಚ್ಚಾಕೆ ನಿಮಗೇನಾಗೈತ್ರೀ ಅಕ್ಕಾ?" ಎಂದಳು ಎದುರುಮನೆಯ ಫಾತಿಮಾಬಿ.

"ತಿಂಗ್ಳಿಗೆ ಒಂದೇ ಪೊಟ್ಟಣ ಅಂತ ನಮ್ಮತ್ತೆ ಸೊಂಟಕ್ಕೆ ಸಿಗಿಸ್ಕೊಂಡಾರೆ!" ಎಂದೆ.

ಅಷ್ಟರಲ್ಲಿ ಜಗಲಿಯ ಮೇಲಿದ್ದ ನಮ್ಮ ಮಾವ, ರುಮಾಲಿನೊಳಗೆ ಬಚ್ಚಿಟ್ಟಿದ್ದ ಪೊಟ್ಟಣ ತೆಗೆದು, ಬೀಡಿ ಹಚ್ಚಲು ಕೊನೆಯ ಕಡ್ಡಿ ಗೀರಿದರು. ಏಳೂ ಹೆಂಗಸರು ಬೆರಣಿ ಹಿಡಿದು ಓಡಿದೆವು. ಮಾವ ಬೆದರಿ, ಉಫ್ ಎಂದು ಊದಿಬಿಟ್ಟರು!

ಗಂಡಸರೆಲ್ಲ ತಂಗಳು ರೊಟ್ಟಿ ತಿಂದು ಹೊಲಕ್ಕೆ ಹೋದರು. ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು: "ಸೌದೇನೂ ಉಳೀತು ನೋಡು!"

ಹೀಗೆಯೇ ಒಲೆ ಹಚ್ಚದೆ ಬದುಕಿದರೆ, ದೀಪಾವಳಿ ಹೊತ್ತಿಗೆ ನಾವೆಲ್ಲ ಸಾಹುಕಾರರು.