ಒಟ್ಟು ಲೆಕ್ಕ ಒಪ್ಪದ ಗಿರಿಜಮ್ಮ ಡಾಕ್ಟರು

ಜೊತೆಗೆ ಬಂದ ಗಂಡನನ್ನು ಹೊರಗೆ ಕಳಿಸದೆ ಗಿರಿಜಮ್ಮ ಡಾಕ್ಟರು ಯಾವ ಹೆಂಗಸಿನ ನಾಡಿಯನ್ನೂ ಹಿಡಿದವರಲ್ಲ. "ಆಕಿ ಹೊಟ್ಟಿನೋವು ನಿನಗೇನಪ್ಪ ಗೊತ್ತು? ಹೊರಗ ಕುಂದ್ರು" ಎಂದರೆ ಎಂಥ ಮೀಸೆಯ ಗೌಡರೂ ತೆಪ್ಪಗೆ ಎದ್ದು ಹೋಗುತ್ತಿದ್ದರು. ಕೊಟ್ಟೂರಿನವರು, ದೊಡ್ಡ ದನಿ. ಹಡಗಲಿ ಹತ್ತಿರದ ಹಳ್ಳಿ ಆಸ್ಪತ್ರೆಯಲ್ಲಿ ನಾನು ಅವರ ಕೈಕೆಳಗೆ ನರ್ಸಾಗಿದ್ದೆ. ದಿನವೂ ಬೈಸಿಕೊಳ್ಳುತ್ತಿದ್ದೆ. ಆದರೂ ಅವರೆಂದರೆ ನನಗೆ ಪ್ರಾಣ.

ಎಂಬತ್ತರ ದಶಕದ ಆರಂಭವಿರಬೇಕು. ಕೀಲುನೋವಿನ ಹೊಸ ಮಾತ್ರೆ ಪರೀಕ್ಷಿಸಲು ಪಟ್ಟಣದಿಂದ ಸಂಶೋಧಕರ ತಂಡ ಬಂತು. ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣ. ಮಾತ್ರೆ ಹೇಗಿದೆ ಎಂದು ವಿಚಾರಿಸಲು ಮನೆಮನೆಗೆ ಹೋದ ಆ ಮಹಾಶಯರು ಕಟ್ಟೆಯ ಮೇಲೆ ಕೂತ ಯಜಮಾನನನ್ನೇ ಕೇಳುತ್ತಿದ್ದರು. ಅವನೋ, "ನಮ್ಮಾಕಿ ಆರಾಮ ಅದಾಳ್ರಿ" ಅಂದುಬಿಡುತ್ತಿದ್ದ. ಅವಳು ಆಗ ಮಲ್ಲಿಗೆ ಮೊಗ್ಗು ಬಿಡಿಸಲು ತೋಟಕ್ಕೆ ಹೋಗಿರುತ್ತಿದ್ದಳು.

ಡಾಕ್ಟರು ನನ್ನನ್ನು ಎಳೆದುಕೊಂಡು ತೋಟಕ್ಕೇ ನಡೆದರು. ಗಂಡಸರಿಲ್ಲದ ಕಡೆ ಬಾಯಿಗಳು ಬಿಚ್ಚಿದವು.

"ಗುಳಿಗಿ ನುಂಗಿದ್ರ ತಲಿ ಗಿರ್ರ್ ಅಂತೈತ್ರಿ. ಹೇಳಿದ್ರ ಕೆಲಸಗಳ್ಳಿ ಅಂತಾರ" ಎಂದಳು ಹನುಮಕ್ಕ. ಸಾಲಿನುದ್ದಕ್ಕೂ ಅದೇ ಮಾತು. ಆಮೇಲೆ ಗಂಡಸರನ್ನೂ ಕೇಳಿದೆವು. ಅವರಲ್ಲಿ ತಲೆಸುತ್ತು ಅಪರೂಪ.

ಅದನ್ನೆಲ್ಲ ಬರೆದು ತಂಡಕ್ಕೆ ಕೊಟ್ಟೆವು. ಆದರೂ ಕರಡು ವರದಿಯಲ್ಲಿ ಎಲ್ಲರನ್ನೂ ಒಟ್ಟು ಸೇರಿಸಿ 'ತೊಂದರೆ ಅಲ್ಪ' ಎಂದು ಬರೆದಿದ್ದರು. ಅದನ್ನು ಒಪ್ಪಿದರೆ ಅದೇ ಪ್ರಮಾಣದ ಮಾತ್ರೆ ಎಲ್ಲ ತಾಲ್ಲೂಕಿನ ಹೆಂಗಸರ ಬಾಯಿಗೂ ಬೀಳುತ್ತಿತ್ತು. ಊರಿನ ಆಸ್ಪತ್ರೆಯ ಪರವಾಗಿ ವರದಿಗೆ ಡಾಕ್ಟರ ಸಹಿಯೂ ಬೇಕಿತ್ತು. ಅವರು ಹಾಕಲಿಲ್ಲ.

"ಹೆಂಗಸರದ್ದು ಬೇರೆ ತೋರಿಸಿದರೆ ವರದಿ ಕೆಡುತ್ತದೆ ಮೇಡಂ. ಸಹಿ ಇಲ್ಲದಿದ್ದರೆ ನಿಮ್ಮ ಹೆಸರೂ ಇರುವುದಿಲ್ಲ" ಎಂದು ತಂಡದ ಮುಖ್ಯಸ್ಥರು ನಕ್ಕರು.

"ನನ್ನ ಹೆಸರು ತಗದು ಒಗೀರಿ! ಹೆಣ್ಮಕ್ಕಳನ್ನ ಗಂಡಸ್ರ ಲೆಕ್ಕದಾಗ ಮುಚ್ಚಾಕ ನಾ ಬಿಡಂಗಿಲ್ಲ. ಇವರನ್ನೆಲ್ಲ ಕರಕೊಂಡು ನಿಮ್ಮ ಮೇಲಿನವರ ಮುಂದ ಕುಂದ್ರತೀನಿ."

ಕೂತೇಬಿಟ್ಟರು. ಮೊಗ್ಗು ಬಿಡಿಸುವುದನ್ನು ಬಿಟ್ಟು ಹೆಂಗಸರೆಲ್ಲ ಅವರ ಜೊತೆ ಬಸ್ಸು ಹತ್ತಿದರು. ಮೇಲಿನವರು ಪ್ರತಿಯೊಬ್ಬಳ ಮಾತನ್ನೂ ಕೇಳಲೇಬೇಕಾಯಿತು. ಆ ಸಿಟ್ಟಿಗೆ ಡಾಕ್ಟರಿಗೆ ದೂರದ ಊರಿಗೆ ವರ್ಗವಾಯಿತು.

ಅವರು ಹೊರಟ ದಿನವೇ ಅಚ್ಚಾದ ವರದಿ ಬಂತು. ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಮೊದಲ ಪುಟದಲ್ಲಿ ಎಲ್ಲರ ಹೆಸರಿತ್ತು, ಅವರದೊಂದಿರಲಿಲ್ಲ. ಸಿಟ್ಟಿಗೆ ನನಗೆ ಅಳುವೇ ಬಂತು. ಅವರು ಬಸ್ಸಿನ ಕಿಟಕಿಯಿಂದ ಕೈಚಾಚಿ ವರದಿ ಕಸಿದುಕೊಂಡು ಸೀದಾ ಒಳಪುಟ ತೆರೆದರು. ಗಂಡಸರದ್ದು ಒಂದು ಕಾಲಂ, ಹೆಂಗಸರದ್ದು ಇನ್ನೊಂದು. ಕೆಳಗೆ, ಪ್ರಮಾಣ ಮತ್ತೆ ಪರೀಕ್ಷಿಸುವವರೆಗೆ ಹೆಂಗಸರಿಗೆ ಈ ಮಾತ್ರೆ ಕೊಡಬಾರದು ಎಂಬ ಸಾಲು.

ಆಮೇಲೆ ನಾನು ಅವರನ್ನು ಕಾಣಲಿಲ್ಲ. ಬಸ್ಸು ಹೊರಡಲು ಅಲುಗಾಡಿದಾಗ ಆ ಎರಡನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಅವರು ಹೇಳಿದ್ದೇ ಕೊನೆಯ ಮಾತು:

"ಯಾಕ ಅಳ್ತೀ ಹುಚ್ಚಿ? ನೋಡಿಲ್ಲಿ, ಎಲ್ಲಾರೂ ಅದಾರ."