ಹೋಂ ಥಿಯೇಟರೂ ಹೆಂಡತಿಯ ಡ್ರಮ್ಮುಗಳೂ

ಗೆಳೆಯರೇ, ಕೊಡ ತಗೊಂಡು ಓಡಿ ಬನ್ನಿ! ನೌಬಾದದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಜಲಪಾತ ಧುಮ್ಮಿಕ್ಕುತ್ತಿದೆ!

ಓಡಬೇಡಿ, ಸುಳ್ಳು. ಧುಮ್ಮಿಕ್ಕಿದ್ದು ಬೀದರಿನ ಟಿವಿ ಅಂಗಡಿಯಲ್ಲಿ, ಅದೂ ಪರದೆಯ ಮೇಲೆ. ಈ ಬರದಲ್ಲಿ ನಮಗೆ ಬರುವುದು ಬರೀ ಅಂಥ ನೀರು.

ಮಗ ಬಸವರಾಜನಿಗೆ ನೆಲಮಾಳಿಗೆಯಲ್ಲಿ ಹೋಂ ಥಿಯೇಟರ್ ಆಗಬೇಕು, ಗೋಡೆ ತುಂಬ ಟಿವಿ ಬೇಕು. ಅದೇ ಗೋಡೆಗೆ ನನ್ನ ಹೆಂಡತಿ ಟ್ಯಾಂಕರ್ ನೀರಿನ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದಾಳೆ. ಹೊರಗಿಟ್ಟರೆ ನೀರು ಕಳುವಾಗುತ್ತದೆ. ಇವರಿಬ್ಬರ ಜಗಳ ಕೇಳುತ್ತ ಮೂರು ಅಂಗಡಿ ಸುತ್ತಿ ನನ್ನ ಮೊಣಕಾಲು ಸತ್ತುಹೋದವು.

"ನೋಡ್ರಿ ಅವ್ವಾರ, ಎಂಬತ್ತೈದು ಇಂಚು! ನೀರು ಹನಿ ಹನಿ ಕಾಣ್ತದ," ಅಂದ ಅಂಗಡಿಯವ.

"ಕಾಣ್ತದಪಾ, ಒಂದು ಕೊಡ ತುಂಬ್ತದೇನು?" ಅಂದಳು ಹೆಂಡತಿ.

"ಯವ್ವಾ, ಡ್ರಮ್ ಅಂಗಳದಾಗ ಇಟ್ರ ಏನಾಗ್ತದ?" ಅಂದ ಮಗ.

"ಇಡು. ಮನ್ಯಾಗೇ ಹೇಳೀನಲ್ಲ, ಕಾವಲಿಗೆ ನಿಮ್ಮಪ್ಪನ್ನ ಮಲಗಸ್ತೀನಿ."

ಬೆಳಿಗ್ಗೆ ಗೋಡೆ ಅಳೆದು ನನ್ನ ಕೈಗೆ ಕೊಟ್ಟಿದ್ದ ಸುತಳಿಯನ್ನು ಮಗ ಇಸಿದುಕೊಂಡು ಟಿವಿಗೆ ಹಿಡಿದ. ಸುತಳಿ ಗಿಡ್ಡ!

"ನಾನೇ ಅಳದೀನಿ, ಹ್ಯಾಂಗ ಗಿಡ್ಡಾತು?"

"ನಿಮ್ಮ ಗೋಡಿಗೆ ಐವತ್ತೈದೇ ಬರೋಬ್ಬರ್ ಸಾಹೇಬ್ರ," ಅಂದ ಅಂಗಡಿಯವ.

ಈಗ ಸಣ್ಣ ಟಿವಿ ಗೋಡೆಗೇರಿದೆ. ಡ್ರಮ್ಮುಗಳು ಅದರ ಪಕ್ಕದಲ್ಲೇ ಕೂತಿವೆ. ಮಗ ಇನ್ನೂ ಗೋಡೆ ಅಳೆಯುತ್ತಿದ್ದಾನೆ.

ಜಲಪಾತ ಸುಳ್ಳು, ಒಪ್ಪಿದೆ. ಅಂಗಡಿಗೆ ಹೋಗುವಾಗ ಆಟೋದಲ್ಲಿ ನಾನೇ ಅಡಕತ್ತರಿಯಿಂದ ಸುತಳಿ ಕತ್ತರಿಸಿದ್ದು ಮಾತ್ರ ನಿಜ. ಅಂಗಳದಲ್ಲಿ ಸೊಳ್ಳೆ ಬಹಳ.